ಬಂಡೆಯ ತಿರುವು

ಯುದ್ಧ ಸ್ಮಾರಕದ ಗೋಡೆಯ ಮೇಲೆ ಅಪ್ಪನ ಹೆಸರು ಸಿಕ್ಕಿತು. ಆದರೆ ಅದನ್ನು ಮುಟ್ಟಲು ದರ್ಜಿಗೆ ಕೈ ಬರಲಿಲ್ಲ. ಬಸ್ಸಿನಲ್ಲಿ ಜೊತೆಗೆ ಬಂದವರೆಲ್ಲ ತಮ್ಮ ತಮ್ಮವರ ಹೆಸರಿನ ಮೇಲೆ ಬೆರಳಾಡಿಸಿ, ಹೂವಿಟ್ಟು, ಪಕ್ಕಕ್ಕೆ ಸರಿದು ಕಣ್ಣೊರೆಸಿಕೊಳ್ಳುತ್ತಿದ್ದರು. ಗೈಡು ಎದುರಿನ ಬೆಟ್ಟದತ್ತ ಕೋಲು ಚಾಚಿ, ವರ್ಷಗಟ್ಟಲೆ ಹೇಳಿ ಹೇಳಿ ನುಣುಪಾದ ಮಾತನ್ನೇ ಮತ್ತೊಮ್ಮೆ ಹೇಳಿದ: "ಈ ಗೋಡೆ ಮೇಲಿರೋರೆಲ್ಲ ಗುಂಡಿಗೆ ಎದೆ ಕೊಟ್ಟು ಬಿದ್ದೋರು." ದರ್ಜಿ ತಲೆ ತಗ್ಗಿಸಿದ. ಹೂವನ್ನು ಮಗಳ ಕೈಗಿತ್ತು, "ನೀನೇ ಇಡಮ್ಮ" ಎಂದ.

ಹರಿದ ಬಟ್ಟೆಯನ್ನು ಎಳೆಗೆ ಎಳೆ ಹೆಣೆದು, ಹರಿದದ್ದೇ ಸುಳ್ಳೆನಿಸುವಂತೆ ರಫು ಮಾಡುವುದರಲ್ಲಿ ಅವನ ಅಮ್ಮನದು ಎತ್ತಿದ ಕೈ. ಯುದ್ಧದಿಂದ ಮನೆಗೆ ಬಂದದ್ದು ಅಪ್ಪನ ಅಂಗಿಯೊಂದೇ. ಅದನ್ನೂ ಅವಳು ಯಾರ ಕಣ್ಣಿಗೂ ಬೀಳಿಸದೆ ರಫು ಮಾಡಿ ಪೆಟ್ಟಿಗೆಯ ತಳ ಸೇರಿಸಿದ್ದಳು. ಊರಿಗೆಲ್ಲ, ಗುಂಡು ಎದೆಗೆ ಬಿತ್ತೆಂದು ಹೇಳಿದ್ದಳು. ಕಸುಬು ಕಲಿಯುವ ವಯಸ್ಸಿನಲ್ಲಿ ಮಗನ ಬೆರಳು ಆ ಕಾಣದ ಹೊಲಿಗೆಯನ್ನು ಹುಡುಕಿಬಿಟ್ಟಿತು. ಎದೆಯ ಭಾಗ ನೇಯ್ದಂತೆಯೇ ಇತ್ತು. ರಫು ಇದ್ದದ್ದು ಬೆನ್ನಿನಲ್ಲಿ, ಎಡ ಹೆಗಲಿನ ಕೆಳಗೆ. ಅಮ್ಮ ಅಂಗಿಯನ್ನು ಕಿತ್ತುಕೊಂಡು ಒಂದೇ ಮಾತು ಅಂದಿದ್ದಳು: "ಕೈಗೆ ಸಿಕ್ಕಿದ್ದು ಕೈಯಲ್ಲೇ ಇರಲಿ, ಬಾಯಿಗೆ ಬರೋದು ಬೇಡ." ಅಂದಿನಿಂದ ಮಡಿದವರ ನೆನಪಿನ ಸಭೆಗೆ ಕರೆ ಬಂದಾಗಲೆಲ್ಲ ಅವನ ಅಂಗಡಿಯಲ್ಲಿ ಮುಗಿಯದ ಹೊಲಿಗೆಯೊಂದು ಇದ್ದೇ ಇರುತ್ತಿತ್ತು. ಈ ಸಲ ಮಗಳು ಅವನ ಸಬೂಬಿಗೆ ಕಿವಿಗೊಡದೆ ಬಸ್ಸು ಹತ್ತಿಸಿದ್ದಳು.

ಕಂದಕಗಳನ್ನು, ತುಕ್ಕು ಹಿಡಿದ ಫಿರಂಗಿಯನ್ನು ನೋಡಿದ ಮೇಲೆ ಬೆಟ್ಟದ ಸರದಿ. ಎರಡೂ ಬದಿಗೆ ಪ್ರಪಾತವಿರುವುದರಿಂದ ಅಂದಿಗೂ ಇಂದಿಗೂ ಇದೊಂದೇ ದಾರಿ, ಅಂದು ಸೈನಿಕರು ಏರಿದ್ದೂ ಇದರಲ್ಲೇ ಎಂದು ಗೈಡು ಹೇಳಿದ. ಹೆಸರನ್ನೇಕೆ ಮುಟ್ಟಲಿಲ್ಲವೆಂದು ಮಗಳು ಕೆದಕಿ ಕೆದಕಿ ಕೇಳಿದಳು. ಜನರಿಂದ ತುಸು ಹಿಂದೆ ಬಿದ್ದಾಗ ದರ್ಜಿ ಅಂಗಿಯ ಸಂಗತಿಯನ್ನೆಲ್ಲ ಹೇಳಿ ಮುಗಿಸಿದ.

"ನಿಮ್ಮಜ್ಜ ಓಡಿಹೋಗ್ತಿದ್ದ ಕಣಮ್ಮ."

ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು. "ಓಡಿದ್ರೆ ಓಡಿದ, ಬಿಡು. ಅಜ್ಜ ಅಂತೀವಿ, ಆಗ ಅವನಿಗೆ ನನ್ನ ಮಗನ ವಯಸ್ಸು. ನಾನಾಗಿದ್ರೆ ಬೂಟಿನ ಲಾಡಿ ಕಟ್ಟೋಕೆ ಮುಂಚೇನೇ ಕಂಬಿ ಕೀಳ್ತಿದ್ದೆ."

"ನೀನಾ? ಈ ಏರಿಗೇ ಏದುಸಿರು ಬಿಡ್ತಿದ್ದೀಯ, ಓಡ್ತಾಳಂತೆ." ಅವನು ನಕ್ಕ, ನಗು ಬಹಳ ಹೊತ್ತು ಉಳಿಯಲಿಲ್ಲ. "ಓಡಿದ್ದಕ್ಕೆ ಸಿಟ್ಟಿಲ್ಲಮ್ಮ. ಅಲ್ಲಿ ಎಲ್ಲರ ಎದುರಿಗೆ ಹೂ ಇಟ್ರೆ, ಅಮ್ಮನ ಸುಳ್ಳಿಗೆ ನಾನೂ ಒಂದು ಹೊಲಿಗೆ ಹಾಕಿದ ಹಾಗಾಗುತ್ತೆ."

ಮಾತ್ರೆ, ನೀರು, ಶಾಲು ಎಂದು ಅಪ್ಪನಿಗಾಗಿ ಚೀಲ ತುಂಬಿಸಿ ಹೊತ್ತವಳೇ ಕೊನೆಗೆ ಕಲ್ಲೊಂದರ ಮೇಲೆ ಕುಸಿದು, ನೀನು ನಡೆ, ಬರ್ತೀನಿ ಎಂದಳು. ದರ್ಜಿ ಗೈಡಿನ ಹಿಂದೆ ಬೆಟ್ಟದ ನೆತ್ತಿ ಮುಟ್ಟಿದ. ಅಲ್ಲಿ ಶತ್ರುಗಳ ಹಳೆಯ ಬಂಕರ್ ಇತ್ತು. ಬಗ್ಗಿ ಒಳಹೊಕ್ಕರೆ ತಣ್ಣನೆಯ ಕತ್ತಲು. ಗೋಡೆಯಲ್ಲಿ ಅಂಗೈಯಗಲದ ಒಂದು ಕಂಡಿ. ಬಂದೂಕಿನ ಮೂತಿ ಇಲ್ಲಿಂದಲೇ ಹೊರಗೆ ಚಾಚುತ್ತಿತ್ತೆಂದು ಗೈಡು ತಿಳಿಸಿದ. ದರ್ಜಿ ಕಂಡಿಗೆ ಕಣ್ಣಿಟ್ಟ.

ಕೆಳಗೆ ಇಡೀ ದಾರಿ ಬಿಚ್ಚಿದ ನೂಲಿನಂತೆ ಬಿದ್ದುಕೊಂಡಿತ್ತು. ಮಗಳು ಎದ್ದು ನಿಧಾನವಾಗಿ ಬರುತ್ತಿದ್ದಳು. ನೇರ ಏರಲಾಗದಷ್ಟು ಕಡಿದಾದ ಜಾಗದಲ್ಲಿ ದಾರಿಯು ದೊಡ್ಡ ಬಂಡೆಯೊಂದನ್ನು ಬಳಸಿ, ಶಿಖರಕ್ಕೆ ವಿಮುಖವಾಗಿ, ತುಸು ದೂರ ಬಂದ ದಿಕ್ಕಿಗೇ ಹೊರಳಿ ಮೇಲೇರುತ್ತಿತ್ತು. ಈಗಷ್ಟೇ ತಾನೂ ಅಲ್ಲಿ ನಡೆದು ಬಂದಿದ್ದ. ಕಾಲ ಕೆಳಗಿನ ಕಲ್ಲು ನೋಡುತ್ತಿದ್ದವನಿಗೆ ಅದು ತಿಳಿದಿರಲಿಲ್ಲ. ಮಗಳು ಬಂಡೆಯ ಬಳಿ ತಿರುಗಿದಳು. ಮರುಕ್ಷಣ ಕಂಡಿಯ ತುಂಬ ಅವಳ ಬೆನ್ನೊಂದೇ. ಮುಖವಿಲ್ಲ, ವಯಸ್ಸಿಲ್ಲ, ಅವನೇ ಹೊಲಿದುಕೊಟ್ಟ ಬೂದು ಕೋಟು, ಅದರ ಎಡ ಹೆಗಲು, ಹೆಜ್ಜೆ ಹೆಜ್ಜೆಗೂ ಏರುತ್ತಿರುವ ಉಸಿರು. ಅವಳು ಓಡುತ್ತಿರಲಿಲ್ಲ. ಹತ್ತುತ್ತಿದ್ದಳು.

"ಅಪ್ಪ" ಎಂದ ದರ್ಜಿ. ಎಷ್ಟೋ ವರ್ಷಗಳಿಂದ ಆ ಮಾತು ಅವನ ಬಾಯಿಗೆ ಬಂದಿರಲಿಲ್ಲ.

"ಚೆನ್ನಾಗಿ ಕಾಣುತ್ತಾ ಯಜಮಾನ್ರೆ?" ಎಂದು ಹಿಂದಿನಿಂದ ಗೈಡು ಕೇಳಿದ, ಉಳಿದವರೂ ನೋಡಬೇಕಿತ್ತು, ಸ್ವಲ್ಪ ಸರಿಯಿರಿ ಎಂದ. ದರ್ಜಿ ಸರಿಯಲಿಲ್ಲ. ಮಗಳು ಆ ತಿರುವನ್ನು ದಾಟುವವರೆಗೂ, ಬೆರಳ ಸಂದಿಯಿಂದ ಅವಳನ್ನೇ ನೋಡುತ್ತ, ಕಂಡಿಯನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡೇ ನಿಂತಿದ್ದ.