ಚುಕ್ಕಿ ಅಕ್ಷರ

ಒಂದು ಊಟದ ಡಬ್ಬಿಯ ವಿಷಯವನ್ನು ಕತೆ ಎಂದು ಹೇಳಲು ಹೊರಟಿದ್ದೇನೆ, ಓದುವವರು ಮನ್ನಿಸಬೇಕು. ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಖಂಡಿತ ಇದ್ದಾರೆ. ಆದರೆ ಆ ಭಾನುವಾರ ಬೆಳಿಗ್ಗೆ ಪರದೇಶದ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಚಿಕ್ಕವಳು (ಮನೆಯಲ್ಲಿ ಅವಳನ್ನು ಕರೆಯುವುದು ಹಾಗೆಯೇ) ಖಾಲಿ ಶೆಲ್ಫಿನ ಮುಂದೆ ನಿಂತಿದ್ದ ರೀತಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಅವಳ ಸ್ಟೀಲ್ ಡಬ್ಬಿ ಅಲ್ಲಿರಲಿಲ್ಲ. ಕಾಫಿ ಕಲಕುತ್ತಿದ್ದ ವಾರ್ಡನ್ ಹೆಂಗಸು ಗೋಡೆಯ ಮೇಲಿನ ಸೂಚನೆಯತ್ತ ಚಮಚ ತೋರಿಸಿದಳು. ಹೆಸರಿನ ಚೀಟಿ ಅಂಟಿಸದ ಪಾತ್ರೆಗಳನ್ನು ಶನಿವಾರ ಸಂಜೆ ಬಾಗಿಲ ಬಳಿಯ ಬುಟ್ಟಿಗೆ ಹಾಕಲಾಗುವುದು, ಬೇಕಾದವರು ಒಯ್ಯಬಹುದು.

“ಹೆಸರು ಇತ್ತಲ್ಲ,” ಎಂದಳು ಚಿಕ್ಕವಳು, ಆ ದೇಶಕ್ಕೆ ಬಂದ ಮೇಲೆ ಕಲಿತ ಅರೆಬರೆ ಮಾತಿನಲ್ಲಿ. “ಮುಚ್ಚಳದ ಮೇಲೇ ಕೊರೆದಿತ್ತು.”

“ಆ ಚುಕ್ಕಿಗಳಾ? ಅದು ಹೆಸರಾ? ನಾನು ಯಾವುದೋ ಬಳ್ಳಿ ಚಿತ್ರ ಅಂದ್ಕೊಂಡೆ. ಮೂಲೆ ಮಂಚದ ಹುಡುಗಿ ತಗೊಂಡ್ಲು. ಹಣ್ಣು ಕೀಳೋ ಕೆಲಸಕ್ಕೆ ಹೊರಟಿದಾಳೆ, ಹತ್ತೂವರೆ ಬಸ್ಸಿಗೆ.”

ಆರು ತಿಂಗಳಿಂದ ಚಿಕ್ಕವಳು ಆ ಸೂಚನೆಯನ್ನು ದಿನವೂ ಓದುತ್ತಿದ್ದಳು. ಅದು ತನ್ನ ಡಬ್ಬಿಗೂ ಹೇಳಿದ ಮಾತು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಶನಿವಾರಗಳಂದು ಡಬ್ಬಿ ಅವಳ ಜೊತೆ ಲಾಂಡ್ರಿ ಕೆಲಸಕ್ಕೆ ಹೋಗಿರುತ್ತಿತ್ತು. ನಿನ್ನೆ ಮೊದಲ ಬಾರಿಗೆ ಅವಳಿಗೆ ಶನಿವಾರ ರಜೆ ಸಿಕ್ಕಿ, ಡಬ್ಬಿ ಹಾಸ್ಟೆಲಿನಲ್ಲಿ ಉಳಿದಿತ್ತು. ಅವಳು ಊರು ಬಿಟ್ಟು ಹೊರಡುವ ಹಿಂದಿನ ವಾರ ಅಮ್ಮ ಪಾತ್ರೆ ಅಂಗಡಿಯಲ್ಲಿ, ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಯುವವನ ಪಕ್ಕದಲ್ಲೇ ನಿಂತು ಮುಚ್ಚಳದ ಮೇಲೆ ಬರೆಸಿದ್ದಳು. “ಹೆಸರು ಹೇಳಿ” ಎಂದಿದ್ದ ಅವನು. “ಹೆಸರು ಎಲ್ಲರೂ ಹಾಕಿಸ್ತಾರೆ. ನಾನು ಹೇಳಿದ್ದು ಬರಿಯಪ್ಪ,” ಎಂದಿದ್ದಳು ಅಮ್ಮ. ‘ಅಮ್ಮನಿಂದ ಚಿಕ್ಕವಳಿಗೆ.’ ಫೋನಿನಲ್ಲಿ ಬೇಕಾದಷ್ಟು ಕನ್ನಡ ಇತ್ತು, ನಿಜ. ಬೆರಳಿಗೆ ಸಿಗುವ ಕನ್ನಡ ಇದೊಂದೇ. ದಿನಾ ಮಧ್ಯಾಹ್ನ ಊಟ ಮುಗಿದ ಮೇಲೂ ಅವಳ ಹೆಬ್ಬೆರಳು ಆ ಎರಡು ಪದಗಳ ಮೇಲೆ ಓಡಾಡುತ್ತಲೇ ಇರುತ್ತಿತ್ತು.

ಹೊರಗೆ ಲಾಂಡ್ರಿ ವ್ಯಾನಿನ ಡ್ರೈವರ್ ಕೊಳೆ ಚಾದರಗಳ ಮೂಟೆ ಹೇರುತ್ತಿದ್ದ. ಆ ಊರಿನಲ್ಲಿ ಅವಳನ್ನು ಕನ್ನಡದಲ್ಲಿ ಬೈಯಬಲ್ಲ ಒಬ್ಬನೇ ಮನುಷ್ಯ.

“ಅಣ್ಣಾ, ಬಸ್ ಸ್ಟ್ಯಾಂಡಿಗೆ ಬಿಡ್ತೀರಾ? ನನ್ನ ಡಬ್ಬಿ ಹೋಗ್ತಾ ಇದೆ.”

“ಪಾಸ್‌ಪೋರ್ಟ್ ಕಳಕೊಂಡೋರ ಥರ ಮುಖ ಮಾಡಿದೀಯಲ್ಲೇ. ಡಬ್ಬಿ ತಾನೆ?”

“ಪಾಸ್‌ಪೋರ್ಟಾದ್ರೆ ಇನ್ನೊಂದು ಮಾಡಿಸಬಹುದಣ್ಣ.”

ಅವನು ನಕ್ಕ. ಆಮೇಲೆ ಅವಳ ಮುಖವನ್ನು ಸರಿಯಾಗಿ ನೋಡಿ ಮೂಟೆ ಕೆಳಗಿಟ್ಟ. “ವ್ಯಾನ್ ಹತ್ತು. ಈ ಚಾದರಗಳೇನು ಓಡಿಹೋಗಲ್ಲ.”

ಮೂಲೆ ಮಂಚದ ಹುಡುಗಿ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಭಾಷೆ ಹಾಸ್ಟೆಲಿನಲ್ಲಿ ಯಾರಿಗೂ ಬರುತ್ತಿರಲಿಲ್ಲ, ಅವಳಿಗೆ ಬೇರೆ ಯಾರದೂ ಬರುತ್ತಿರಲಿಲ್ಲ. ಚಿಕ್ಕವಳು ಡಬ್ಬಿ ತೋರಿಸಿ ತನ್ನ ಎದೆ ಮುಟ್ಟಿಕೊಂಡಳು. ಹಸಿವಾಗಿದೆ ಎಂದುಕೊಂಡಳೋ ಏನೋ, ಹುಡುಗಿ ಮುಚ್ಚಳ ತೆಗೆದು, ಬ್ರೆಡ್ಡಿನ ಜೊತೆ ಇದ್ದ ಎರಡು ಬೇಯಿಸಿದ ಮೊಟ್ಟೆಗಳಲ್ಲಿ ಒಂದನ್ನು ಅವಳತ್ತ ಚಾಚಿದಳು.

ಚಿಕ್ಕವಳು ಮೊಟ್ಟೆ ಮುಟ್ಟಲಿಲ್ಲ. ಮುಚ್ಚಳದ ಚುಕ್ಕಿಗಳ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. “ಅಮ್ಮನಿಂದ… ಚಿಕ್ಕವಳಿಗೆ.”

“ಅಮ್ಮ,” ಎಂದಳು ಹುಡುಗಿ. ಆ ಒಂದು ಪದ ಅವಳಿಗೆ ಅರ್ಥವಾಗಿತ್ತು. ಮೊಟ್ಟೆ, ಬ್ರೆಡ್ಡನ್ನು ಕೊರಳ ವಸ್ತ್ರದಲ್ಲಿ ಗಂಟು ಕಟ್ಟಿದಳು. ತೋಳಿನ ಬಟ್ಟೆಯಿಂದ ಡಬ್ಬಿಯ ಒಳಗೆಲ್ಲ ಒರೆಸಿ, ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಹಿಡಿದು ಮುಂದೆ ನೀಡಿದಳು.

“ಅವಳಿಗೇ ಬಿಟ್ಟುಬಿಡೇ, ಪಾಪ,” ಎಂದ ಡ್ರೈವರ್ ಹಿಂದಿನಿಂದ. “ನಿಮ್ಮಮ್ಮ ಇನ್ನೊಂದು ಬರೆಸಿ ಕಳಿಸ್ತಾರೆ.”

ಚಿಕ್ಕವಳಿಗೂ ಹಾಗೇ ಅನ್ನಿಸಿತು. ಅಷ್ಟರಲ್ಲಿ ಕೈ ತಾನೇ ಮುಂದೆ ಹೋಗಿ ಡಬ್ಬಿ ಎದೆಗೆ ಬಂದಾಗಿತ್ತು.

ಬಸ್ಸಿನ ಮೆಟ್ಟಿಲ ಮೇಲೆ ಹುಡುಗಿ ತಿರುಗಿ ನಿಂತು ತನ್ನ ಭಾಷೆಯಲ್ಲಿ ಮೂರು ಪದ ಹೇಳಿದಳು. ಕೇಳಿಸಿಕೊಳ್ಳಲಿ ಎಂಬಂತೆ ನಿಧಾನವಾಗಿ. ಬಾಗಿಲು ಮುಚ್ಚಿತು.

“ಏನಂದ್ಳಣ್ಣ?”

“ನನಗೇನು ಗೊತ್ತು? ಬೈದ ಹಾಗಂತೂ ಇರಲಿಲ್ಲ ಬಿಡು.”

ಈಗ ಡಬ್ಬಿಯ ತಳಕ್ಕೆ ಆ ಊರಿನವರೆಲ್ಲ ಓದಬಲ್ಲ ಒಂದು ಹೆಸರಿನ ಚೀಟಿ ಅಂಟಿದೆ. ಮಧ್ಯಾಹ್ನ ಹೆಬ್ಬೆರಳು ಮುಚ್ಚಳದ ಮೇಲೆ ಎರಡು ಪದ ಓದಿ ಮುಗಿಸಿದ ಕೂಡಲೇ, ಕರೆಯದಿದ್ದರೂ ಆ ಮೂರು ಪದಗಳು ನಾಲಿಗೆಗೆ ಬರುತ್ತವೆ. ಒಮ್ಮೆ ಫೋನಿನಲ್ಲಿ ಅಮ್ಮನಿಗೂ ಹೇಳಿ ತೋರಿಸಿದಳಂತೆ. “ಮಗೂನ ಮಲಗಿಸೋ ಹಾಡಿನ ಥರ ಇದೆಯಲ್ಲೇ,” ಎಂದಳಂತೆ ಅಮ್ಮ.

ಹುಡುಕಿದರೆ ಆ ಭಾಷೆಯವರು ಯಾರಾದರೂ ಸಿಕ್ಕಾರು. ಚಿಕ್ಕವಳು ಇನ್ನೂ ಯಾರನ್ನೂ ಕೇಳಿಲ್ಲ. ಆ ಮಾತಿನ ಅರ್ಥ ನನಗೂ ಗೊತ್ತಿಲ್ಲ.