ರುಜು ಹಾಕಬಲ್ಲ ಹೆಂಗಸು

"ಸತ್ತದ್ದು ಖಚಿತ ತಾನೇ?" ನೋಟರಿ ಬಾಸಿಲಿಯೊ ಲೇಖನಿ ಎತ್ತಿ ಹಿಡಿದೇ ಕೇಳಿದ.

ಕಪ್ಪು ಉಡುಪಿನ ಒತಿಲಿಯಾ ತಲೆ ತಗ್ಗಿಸಿದಳು. ಸಾಕ್ಷಿಯಾಗಿ ಬಂದು, ಹೆಸರು ಸೆಲ್ಸೊ ಎಂದು ಬರೆಸಿದ್ದವನು ಅವಳ ಪರವಾಗಿ ವಿವರಿಸಿದ. ಅವಳ ಗಂಡ ಎವಾರಿಸ್ತೊ ನದಿಯಾಚೆ ಅರ್ಜೆಂಟೀನಾದಲ್ಲಿ ಜ್ವರ ಬಂದು ತೀರಿಕೊಂಡ, ಅಲ್ಲಿಂದ ಮರಣಪತ್ರ ಬರಲು ತಿಂಗಳಾದರೂ ಹಿಡಿಯುತ್ತದೆ ಎಂದ.

ಅಷ್ಟು ದಿನ ಕಾಯುವಂತಿರಲಿಲ್ಲ. ವಿವಾಹಿತೆಯರ ಹಕ್ಕಿನ ಮಸೂದೆ ಗುರುವಾರ ಸಂಸತ್ತಿನಲ್ಲಿ ಚರ್ಚೆಗೆ ಬರಲಿತ್ತು. ಒತಿಲಿಯಾ ಹೊರಡಿಸಲಿದ್ದ 'ಸಾಟಿ' ಪತ್ರಿಕೆಯ ಮೊದಲ ಸಂಚಿಕೆ ಅದಕ್ಕೆ ಮುಂಚೆ ರಾಜಧಾನಿ ಮೊಂತೆವಿದೇವೊ ಮುಟ್ಟಬೇಕು. ಕರಾರಿಗೆ ರುಜು ಬೀಳದೆ ಒಂದು ಅಕ್ಷರವನ್ನೂ ಜೋಡಿಸುವುದಿಲ್ಲವೆಂದು ಮುದ್ರಣಾಲಯದವರು ಹಟ ಹಿಡಿದಿದ್ದರು. ಸಾಲ್ತೊ ಪಟ್ಟಣದಲ್ಲಿ ಒತಿಲಿಯಾಳನ್ನು ಬಲ್ಲವರಿರಲಿಲ್ಲ. ಅವಳ ಊರಿಗೆ ಹತ್ತಿರದ ಮುದ್ರಣಾಲಯ ಇದೊಂದೇ. ಅವಳ ಗೆಳತಿಯರೆಲ್ಲ ಮದುವೆಯಾದವರು. ಅವರು ವೋಟು ಹಾಕಬಹುದು, ಗಂಡನ ಒಪ್ಪಿಗೆಯಿಲ್ಲದೆ ಕರಾರಿಗೆ ರುಜು ಹಾಕುವಂತಿಲ್ಲ. ಕಾನೂನು ಅವರನ್ನು ಮಕ್ಕಳ ಜೊತೆ, ಹುಚ್ಚರ ಜೊತೆ ಕೂರಿಸಿತ್ತು.

"ಸತ್ತವನು ನಿಮಗೆ ಎಷ್ಟು ವರ್ಷದ ಪರಿಚಯ?" ನೋಟರಿ ಸಾಕ್ಷಿಯನ್ನು ಕೇಳಿದ.

"ಹುಟ್ಟಿದಾಗಿನಿಂದ. ಅವನನ್ನ ನನ್ನಷ್ಟು ಬಲ್ಲವರು ಇನ್ನೊಬ್ರಿಲ್ಲ, ಸ್ವಾಮಿ."

ನೋಟರಿ ಸೋರೆಬುರುಡೆಯ ಕಹಿ ಕಷಾಯವನ್ನು ಕೊಳವೆಯಲ್ಲಿ ಹೀರಿ, ಮೀಸೆಯಂಚಿನ ಹಸಿರು ನೊರೆ ಒರೆಸಿಕೊಳ್ಳದೆ ಅದೇ ಕೊಳವೆಯನ್ನು ಅವಳತ್ತ ಚಾಚಿದ. ಒತಿಲಿಯಾ ಸಾಕು ಎಂಬಂತೆ ಕೈ ಮಾಡಿದಳು. ಆ ಕೈಯನ್ನೇ ಅವನು ಹಿಡಿದುಕೊಂಡ. ಅಂಗೈ ಬೆವರಿತ್ತು.

"ನೋಡೀಮ್ಮ, ಗಂಡ ಇದ್ದಿದ್ರೆ ಅವನು ಒಪ್ಪಿಗೆ ಅಂತ ಒಂದು ಸಾಲು ಗೀಚಬೇಕಿತ್ತು. ಈಗ ಅದೂ ಬೇಡ. ನಿಮ್ಮ ಅದೃಷ್ಟ ಅನ್ನಿ." ಒಂಟಿ ಹೆಂಗಸಿಗೆ ಬೇಸರ ಕಳೆಯಲು ತನ್ನ ತೋಟದ ಮನೆ ಒಳ್ಳೆಯ ಜಾಗವೆಂದೂ, ಭಾನುವಾರ ತಾನು ಅಲ್ಲಿ ಒಬ್ಬನೇ ಇರುತ್ತೇನೆಂದೂ ಸೇರಿಸಿದ.

ಸಾಕ್ಷಿಯ ಕಿವಿ ಕೆಂಪಾಯಿತು. ಬೆರಳುಗಳು ಟೋಪಿಯ ಅಂಚನ್ನು ಹಿಂಡಿದವು. ಒತಿಲಿಯಾ ಅವನತ್ತ ಒಮ್ಮೆ ನೋಡಿದಳು. ಅವನು ಕೂತಲ್ಲೇ ಕೂತ.

ಅವಳು ಕೈ ಬಿಡಿಸಿಕೊಂಡು ರುಜು ಹಾಕಿದಳು. ಮುದ್ರೆ ಬಿತ್ತು. ಒಂದು ಸಾವಿನ ಸುದ್ದಿಗೆ ತಾನು ದಿಢೀರನೆ ಮನುಷ್ಯಳಾಗಿಬಿಟ್ಟದ್ದು ಅವಳಿಗೆ ನೋಟರಿಯ ಅಂಗೈಗಿಂತ ಹೆಚ್ಚು ಹೇಸಿಗೆಯೆನಿಸಿತು.

ಬೀದಿಯ ಕಾರಂಜಿಯ ಬಳಿ ಅವಳು ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಸೆಲ್ಸೊ ಕರಾರನ್ನು ನೀರು ತಾಗದಂತೆ ಎತ್ತಿ ಹಿಡಿದು ನಿಂತಿದ್ದ.

"ಗಂಡನ ಅಪ್ಪಣೆ ಯಾಕೆ ಅಂತ ಕೇಳೋ ಪತ್ರಿಕೆ, ಗಂಡನ ಅಪ್ಪಣೆಯಿಂದ ಶುರುವಾಗೋದು ಬೇಡ ಅಂದೆ, ಅಷ್ಟೆ," ಎಂದಳು, ತಲೆ ಎತ್ತದೆ.

"ಅದಕ್ಕೇ ತಾನೇ ನಾನು ಸತ್ತಿದ್ದು," ಎಂದ ಅವಳ ಗಂಡ.