ಹೆಣ್ಣುಮಗಳ ಪಾಲಿನ ಕಲ್ಲು

ರಾಜಧಾನಿ ಜಾಗ್ರೆಬ್‌ನ ಹೋಟೆಲ್ ಕಂಪನಿಯಿಂದ ಬಂದ ದಾಮಿರ್ ಕಡಲದಂಡೆಯ ಕ್ರಯಪತ್ರಕ್ಕೆ ಸಹಿ ಹಾಕಿಸಲು ಆರಿಸಿಕೊಂಡದ್ದು ಯೂಗೊ ಬೀಸುವ ದಿನವನ್ನು. ದಕ್ಷಿಣದ ಕಡಲಿನಿಂದ ಆ ಬಿಸಿ, ಒದ್ದೆ ಗಾಳಿ ಎದ್ದಿತೆಂದರೆ ನಮ್ಮ ದ್ವೀಪದಲ್ಲಿ ಯಾರೂ ಮದುವೆಯ ಮಾತು ತೆಗೆಯುವುದಿಲ್ಲ, ದೋಣಿ ಮಾರುವುದಿಲ್ಲ, ಹೆಂಡತಿಯ ಜೊತೆಗಿನ ಜಗಳವನ್ನು ಕೂಡ ಮುಂದಕ್ಕೆ ಹಾಕುತ್ತಾರೆ. ಅಂದು ಯಾರ ತಲೆಯೂ ನೆಟ್ಟಗಿರುವುದಿಲ್ಲ. ರಾಜಧಾನಿಯ ಹೋಟೆಲ್ ಕಂಪನಿಯವರಿಗೆ ಇದನ್ನೆಲ್ಲ ಯಾರು ಹೇಳಬೇಕು?

ಕಡಲದಂಡೆಯ ಒಡತಿ ಪೆರಿನಾ ಮಾತ್ರ ಅವಸರದಲ್ಲಿದ್ದಳು. ಅಪ್ಪ ಆಸ್ತಿ ಪಾಲು ಮಾಡಿದಾಗ ಮೇಲಿನ ದ್ರಾಕ್ಷಿ ತೋಟ, ಆಲಿವ್ ಮರಗಳು ಅಣ್ಣ ಯೆರ್ಕೊನಿಗೆ ಹೋಗಿದ್ದವು. ಅವಳಿಗೆ ಸಿಕ್ಕಿದ್ದು ಮೇಕೆಯೂ ಮೂಸದ ಬಿಳಿ ಕಲ್ಲಿನ ದಂಡೆ. ಆಗೆಲ್ಲ ಪ್ರತಿ ಮನೆಯಲ್ಲೂ ಹಾಗೆಯೇ: ಉಪ್ಪುಗಾಳಿಗೆ ಏನೂ ಬೆಳೆಯದ ದಂಡೆ ಹೆಣ್ಣುಮಕ್ಕಳ ಪಾಲಿಗೆ. ಆಮೇಲೆ ಪ್ರಾಗ್‌ನಿಂದ, ವಿಯೆನ್ನಾದಿಂದ ಬೇಸಿಗೆಯ ಜನ ಬರತೊಡಗಿದರು. ಅವರು ಬಂದದ್ದರಲ್ಲಿ ತಪ್ಪೇನಿಲ್ಲ. ತಿಂಗಳುಗಟ್ಟಲೆ ಮೋಡ ಕಾಣದ ಆಕಾಶ, ಪೈನ್ ಮರದ ನೆರಳು, ಮಧ್ಯಾಹ್ನಕ್ಕೆ ಸರಿಯಾಗಿ ಏಳುವ ತಂಗಾಳಿ. ನೀರಂತೂ ಎಷ್ಟು ತಿಳಿ ಎಂದರೆ, ನಿಂತ ದೋಣಿಯ ನೆರಳು ಕಡಲ ತಳದ ಮರಳಿನ ಮೇಲೆ ಬಿದ್ದಿರುವುದು ಕಾಣುತ್ತದೆ. ಪೆರಿನಾ ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಳು, ಮೀನು ಸುಟ್ಟಳು, ಬೇಸಿಗೆಯುದ್ದಕ್ಕೂ ಹಾಸಿಗೆ ಬಟ್ಟೆ ಒಗೆದಳು. ಊರಿನವರ ಹೊಟ್ಟೆ ಉರಿಯಿತು. ಅವಳ ಹೊಟ್ಟೆಯೊಳಗಿನ ಉರಿಯೇ ಬೇರೆ: ಅಪ್ಪ ನನ್ನನ್ನು ಕಲ್ಲಿನ ಮೇಲೆ ಎಸೆದುಬಿಟ್ಟ. ಈ ಕಲ್ಲನ್ನು ಮಾರಿ, ಸ್ಪ್ಲಿತ್ ಪಟ್ಟಣದಲ್ಲಿ ಒಂದು ಮನೆ ಮಾಡಿಕೊಂಡು, ಇತ್ತ ತಿರುಗಿಯೂ ನೋಡಬಾರದು ಎಂದುಕೊಂಡಿದ್ದಳು.

ದಂಡೆಗೆ ಇಳಿಯುವ ದಾರಿ ಯೆರ್ಕೊನ ಆಲಿವ್ ಮರಗಳ ನಡುವೆ ಹಾದುಹೋಗುವುದರಿಂದ ಅವನ ಸಹಿಯೂ ಬೇಕಿತ್ತು. ಮುದುಕ ಕೋಲೂರಿಕೊಂಡು ತಂಗಿಯ ಅಡುಗೆಮನೆಗೆ ಬಂದವನು ಪೆನ್ನನ್ನು ಮುಟ್ಟಲೇ ಇಲ್ಲ.

"ಇವತ್ತು ಯೂಗೊ ಬೀಸ್ತಾ ಇದೆ. ಆಗಲ್ಲ."

"ಗಾಳಿಗೂ ಸಹಿಗೂ ಏನ್ ಸಂಬಂಧ, ತಾತ?" ಎಂದು ದಾಮಿರ್ ನಕ್ಕ.

"ಹಿಂದೆ ನ್ಯಾಯಾಧೀಶರೇ ಯೂಗೊ ದಿನ ತೀರ್ಪು ಹೇಳ್ತಿರ್ಲಿಲ್ಲವಂತೆ. ನೀನು ಅವರಿಗಿಂತ ದೊಡ್ಡ ಮನುಷ್ಯನೇನಪ್ಪಾ?"

ದಾಮಿರ್ ಇನ್ನೂ ವಾದ ಮಾಡುತ್ತಿದ್ದನೋ ಏನೋ, ಅಷ್ಟರಲ್ಲಿ ಅವನಿಗೇ ತಲೆ ಸಿಡಿಯತೊಡಗಿತು. ಹಣೆ ಹಿಡಿದುಕೊಂಡು ಹೋಗಿ ಪೆರಿನಾಳ ಬಾಡಿಗೆ ಕೋಣೆಯೊಂದರಲ್ಲಿ ಮಲಗಿಬಿಟ್ಟ.

ಅಡುಗೆಮನೆಯಲ್ಲಿ ಅಣ್ಣ ತಂಗಿ ಇಬ್ಬರೇ ಉಳಿದರು. ಹೊರಗೆ ಮಳೆ ಹಿಡಿದಿತ್ತು, ಕಡಲು ಬೂದಿ ಬಣ್ಣಕ್ಕೆ ತಿರುಗಿ ದಂಡೆಗೆ ಅಪ್ಪಳಿಸುತ್ತಿತ್ತು. ಪೆರಿನಾ ತೊಳೆದ ತಟ್ಟೆಗಳನ್ನು ಕುಕ್ಕುತ್ತಾ, ಒಳ್ಳೆಯ ಮಣ್ಣೆಲ್ಲ ತಿಂದು ತೇಗಿದವನಿಗೆ ಈಗ ನನ್ನ ಕಲ್ಲಿನ ಮೇಲೂ ಕಣ್ಣು ಎಂದು ಹಂಗಿಸಿದಳು. ಯೆರ್ಕೊ ಕೋಲನ್ನು ಗೋಡೆಗೆ ಒರಗಿಸಿಟ್ಟು, ಕೊನೆಗೆ ಬಾಯಿ ಬಿಟ್ಟ.

"ಅಪ್ಪ ನಿಂಗೆ ಕಲ್ಲು ಕೊಟ್ಟ ಅಂತ ನೀನು ಅಳ್ತಾ ಬಂದೆ. ನಂಗೆ ಗುದ್ದಲಿ ಕೊಟ್ಟ ಅಂತ ನಾನು ಅಳ್ತಾ ಬಂದೆ. ಆ ಹೊಟ್ಟೆಕಿಚ್ಚಿಗೇ ಇಷ್ಟು ದಿನ ನಿಂಗೆ ಹೇಳಲಿಲ್ಲ."

"ಏನನ್ನ?"

"ಅಪ್ಪ ಅಂದಿದ್ದನ್ನ. 'ಅವಳಮ್ಮ ಸತ್ತಾಗಿಂದ ಈ ಹುಡುಗಿ ಒಂದು ಕಡೆ ಕೂತಿದ್ದನ್ನ ನಾ ಕಾಣೆ. ತೋಟ ಕೊಟ್ರೆ ಸಾಯೋವರೆಗೂ ಅಗೀತಾಳೆ. ಕಲ್ಲನ್ನ ಅಗೆಯೋಕಾಗಲ್ಲ. ದಂಡೆ ಅವಳಿಗಿರಲಿ, ಹೋಗಿ ಕೂತ್ಕೊಳ್ಲಿ.' ಇಷ್ಟೇ ಅಂದಿದ್ದು."

ಪೆರಿನಾಳ ಕೈ ನೊರೆಯಲ್ಲೇ ನಿಂತುಹೋಯಿತು. ಯೆರ್ಕೊ ಕೋಲು ತೆಗೆದುಕೊಂಡು, ಮಳೆಯಲ್ಲೇ ತನ್ನ ಮರಗಳ ಕಡೆಗೆ ಹತ್ತಿಹೋದ.

ಮರುದಿನ ಬೆಳಿಗ್ಗೆ ಬಡಗಣ ಬೆಟ್ಟಗಳಿಂದ ಬೂರಾ ಇಳಿಯಿತು. ಆ ಒಣಗಾಳಿ ಗುಡಿಸಿದ ಮೇಲೆ ನಮ್ಮ ಕಡಲನ್ನು ನೋಡಬೇಕು. ಎದುರಿನ ದ್ವೀಪ ಒಂದೇ ರಾತ್ರಿಯಲ್ಲಿ ಹತ್ತಿರ ಬಂದಂತಿತ್ತು, ಅದರ ಒಂದೊಂದು ಕಲ್ಲೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಹುಟ್ಟಿದಾಗಿನಿಂದ ನೋಡುತ್ತಿದ್ದರೂ ಆ ನೀಲಿಯ ಮುಂದೆ ನಮಗೂ ಕೈಯ ಕೆಲಸ ಮರೆತುಹೋಗುತ್ತದೆ. ತಲೆನೋವು ಬಿಟ್ಟಿದ್ದ ದಾಮಿರ್ ಲವಲವಿಕೆಯಿಂದ ಪೆನ್ನು ಹಿಡಿದು ಹೊರಗೆ ಬಂದ. ಅಡುಗೆಮನೆ ಖಾಲಿ. ಒಲೆ ಹಚ್ಚಿರಲಿಲ್ಲ. ಬೇಸಿಗೆಯ ಅತಿಥಿಗಳು ಕಾಫಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರು.

ಪೆರಿನಾ ಕೆಳಗೆ ದಂಡೆಯಲ್ಲಿದ್ದಳು. ಚಪ್ಪಲಿ ಬದಿಗಿಟ್ಟು, ಲಂಗವನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಕಾಲುಗಳನ್ನು ನೀರಿಗೆ ಇಳಿಬಿಟ್ಟು ಬಂಡೆಯ ಮೇಲೆ ಕುಳಿತಿದ್ದಳು. ಅವಳು ಕುಳಿತದ್ದನ್ನು ಅದುವರೆಗೆ ಊರಿನಲ್ಲಿ ಯಾರೂ ನೋಡಿದವರಿಲ್ಲ. ಮೇಲಿನಿಂದ ಒಬ್ಬ ಕಾಫಿ ಎಲ್ಲಿ ಎಂದು ಕೂಗಿ ಕೇಳಿದ್ದಕ್ಕೆ, ಡಬ್ಬಿ ಕಪಾಟಿನಲ್ಲಿದೆ, ಮಾಡಿಕೊಳ್ಳಿ, ನನಗೂ ಒಂದು ಲೋಟ ತನ್ನಿ ಎಂದಳು.

ದಾಮಿರ್ ಕಲ್ಲಿನಿಂದ ಕಲ್ಲಿಗೆ ಹುಷಾರಾಗಿ ಕಾಲಿಡುತ್ತಾ ಅವಳ ಹತ್ತಿರ ಬಂದು, ಗಾಳಿ ತಿರುಗಿದೆಯಲ್ಲ, ಇನ್ನು ಸಹಿ ಮಾಡಬಹುದಲ್ಲ ಎಂದು ಕೇಳಿದ. ಅವಳು ನೀರಿನಲ್ಲಿ ಕಾಣುತ್ತಿದ್ದ ತನ್ನ ಕಾಲ್ಬೆರಳುಗಳಿಂದ ಕಣ್ಣು ತೆಗೆಯಲಿಲ್ಲ.

"ನಮ್ಮಪ್ಪ ಕೊಟ್ಟ ಜಾಗಕ್ಕೆ ನಾನು ಬಂದಿದ್ದೇ ಇವತ್ತು, ಮಗ. ಬಂದ ದಿನವೇ ಹೊರಡು ಅಂತೀಯಾ?"